ಕೆಂಪು ಚೌಕ

ನವೆಂಬರ್ 3, ಸೋಮವಾರ

ಬೆಳಿಗ್ಗೆ ಲ್ಯಾಪ್‌ಟಾಪ್ ಸತ್ತಿತು. ಈ ಮನೆಯಲ್ಲಿ ಆ ಪದವನ್ನು ಯೋಚಿಸಿ ಬಳಸಬೇಕು. ಕೆಟ್ಟಿತು ಎನ್ನುತ್ತೇನೆ. ಯಾರದೋ ಪಿಎಚ್‌ಡಿ ಪ್ರಬಂಧದ ಇಂಗ್ಲಿಷ್ ತಿದ್ದುತ್ತಿದ್ದೆ, ಅರ್ಧ ವಾಕ್ಯದಲ್ಲಿ ಪರದೆ ಕಪ್ಪಾಯಿತು, ಮತ್ತೆ ಬರಲಿಲ್ಲ. ಉಡುಪಿಯ ರಿಪೇರಿ ಅಂಗಡಿಯವರು ಬಿಚ್ಚಿ ನೋಡಿ, "ಇದಕ್ಕೆ ಇನ್ನು ಖರ್ಚು ಮಾಡುದು ಬೇಡ ಮೇಡಂ, ಹೊಸತೇ ತಗೊಳ್ಳಿ" ಎಂದರು.

ಕರುಣಾಕರ ಹೇಳಿದರು: "ಹೋಗುವ ವಸ್ತು ಹೋಗುತ್ತದೆ, ನೀನು ಅದಕ್ಕೆ ಮುಖ ಸಣ್ಣ ಮಾಡಬೇಡ."

ಹೇಳಿದರು ಎಂದರೆ, ಕೆಟ್ಟ ಲ್ಯಾಪ್‌ಟಾಪನ್ನು ತಂದು ಅವರ ಮುಂದೆ ಇಟ್ಟಾಗ ಎಡಗೈಯನ್ನು ಅದರ ಮೇಲೆ ಇಟ್ಟು "ಬೊ" ಎಂದರು. ಮೇ ತಿಂಗಳಲ್ಲಿ ಕಾಪುವಿನ ತಮ್ಮ ಅಂಗಡಿಯಲ್ಲಿ, ಬೋಟಿನ ಎಂಜಿನ್ನಿನ ಬಿಡಿಭಾಗಗಳ ನಡುವೆ ಪಾರ್ಶ್ವವಾಯು ಬಡಿದು ಕುಸಿದು ಬಿದ್ದ ಮೇಲೆ ಅವರಿಗೆ ಬಲಗೈ ಇಲ್ಲ, ಬಲಗಡೆಯ ನೋಟ ಅರ್ಧ ಇಲ್ಲ, ಮಾತು ಇಲ್ಲ. ಉಳಿದಿರುವುದು ಆ ಒಂದು ಸದ್ದು. ಮಿಕ್ಕದ್ದನ್ನು ನಾನು ತುಂಬಿಕೊಳ್ಳುತ್ತೇನೆ. ಹದಿನೆಂಟು ವರ್ಷ ಹೆಂಡತಿಯಾಗಿ ಒಟ್ಟಿಗೆ ಇದ್ದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ದಿನಚರಿ ಬರೆದರೆ ಇಂಗ್ಲಿಷಿನಲ್ಲಿ ಬರೆಯುವವಳು. ಈಗ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೆ: ದಿನವಿಡೀ ಯಾರೊಡನೆ ಕನ್ನಡ ಮಾತಾಡುತ್ತಿದ್ದೆನೋ ಅವರು ಉತ್ತರ ಕೊಡುವುದಿಲ್ಲ. ಎಲ್ಲಾದರೂ ಒಂದು ಕಡೆ ಆಡಬೇಕಲ್ಲ.

ನವೆಂಬರ್ 5, ಬುಧವಾರ

ಪರ್ಕಳಕ್ಕೆ ಮನೆ ಬದಲಿಸಿದ್ದೇ ಮಣಿಪಾಲದ ಥೆರಪಿಗೆ ಹತ್ತಿರವಾಗಲಿ ಎಂದು. ಆದರೂ ಬಸ್ಸಿನ ಮೆಟ್ಟಿಲು ಹತ್ತಿಸುವುದು ದೊಡ್ಡ ಕೆಲಸ. ಇವತ್ತು ಹತ್ತುವಾಗ ಕಂಡಕ್ಟರ್ "ನಿಧಾನ, ನಿಧಾನ, ಬಸ್ಸು ನಿಮ್ಮದೇ" ಎಂದ. ಒಳಗಿದ್ದವರೆಲ್ಲ ನಕ್ಕರು, ಕರುಣಾಕರ ನಗಲಿಲ್ಲ.

ಮಾತಿನ ಥೆರಪಿಸ್ಟ್ ಶಾರ್ಲೆಟ್ ಹೊಸತೊಂದು ತೋರಿಸಿದರು. ಪರದೆಯ ತುಂಬ ಚಿತ್ರಗಳು: ಲೋಟ, ತಟ್ಟೆ, ಫ್ಯಾನು, ಮನೆ. ಬೆರಳಿಂದ ಮುಟ್ಟಿದರೆ ಒಂದು ಹೆಣ್ಣುದನಿ "ನೀರು" "ಊಟ" ಎನ್ನುತ್ತದೆ. ಕೆಳಗೆ ಎರಡು ದೊಡ್ಡ ಚೌಕ. ಹಸಿರಿನದು "ಬೇಕು", ಕೆಂಪಿನದು "ಬೇಡ".

"ಇದನ್ನು ಮನೆಯಲ್ಲಿ ದಿನಾ ಮಾಡಿಸ್ಬೇಕು. ಫೋನಿನಲ್ಲಿ ಆಗುದಿಲ್ಲ, ಚಿತ್ರ ಸಣ್ಣದಾಗ್ತದೆ, ಅವರಿಗೆ ಬಲಗಡೆ ಕಾಣುದಿಲ್ಲ ಅಲ್ವಾ. ಮೌಸ್ ಹಿಡೀಲಿಕ್ಕೆ ಬರುದಿಲ್ಲ. ಈ ಪ್ರೋಗ್ರಾಂ ಓಡುದು ವಿಂಡೋಸ್‌ನಲ್ಲಿ ಮಾತ್ರ. ನೀವು ಹೇಗೂ ಲ್ಯಾಪ್‌ಟಾಪ್ ತಗೊಳ್ತೀರಿ ಅಂದ್ರಿ, ಮಡಚಿ ತಿರುಗಿಸುವಂಥದ್ದು, ಮುಟ್ಟುವ ಪರದೆದು ತಗೊಳ್ಳಿ. ನಿಮಗೂ ಆಯಿತು, ಅವರಿಗೂ ಆಯಿತು."

"ಇದರಿಂದ ಮಾತು ಬರುತ್ತದಾ?"

"ಮಾತು ಒಳಗೆ ಉಂಟು. ದಾರಿ ಸಿಗುದಿಲ್ಲ ಅದಕ್ಕೆ." ಇದನ್ನು ಅವರು ಎಲ್ಲರಿಗೂ ಹೇಳುತ್ತಾರೋ ಏನೋ. ಆದರೂ ನನಗೆ ಬೇಕಾಗಿತ್ತು.

ಮೊದಲ ದಿನ ಇದೇ ಕೋಣೆಯಲ್ಲಿ ಅವರು ಕೇಳಿದ್ದು ನೆನಪಾಯಿತು, "ಮನೆಯಲ್ಲಿ ನೀವು ಎಂತ ಮಾತಾಡುದು?" ಕನ್ನಡ ಎಂದಿದ್ದೆ. ಅದಕ್ಕೆ ಕನ್ನಡದ ಚಿತ್ರಗಳು. ಕರುಣಾಕರ ತುಳುವಿನವರು, ನಾನು ಕುಂದಾಪುರದ ಕಡೆಯವಳು, ಅಪ್ಪನ ಬ್ಯಾಂಕಿನ ವರ್ಗಾವಣೆಯಲ್ಲಿ ಊರೂರು ಬೆಳೆದವಳು. ನನಗೆ ತುಳು ಕೇಳಿದರೆ ತಿಳಿಯುತ್ತದೆ, ಬಾಯಿಂದ ಬರುವುದಿಲ್ಲ. ಹಾಗಾಗಿ ಇಬ್ಬರ ನಡುವೆ ಮೊದಲ ದಿನದಿಂದಲೂ ಕನ್ನಡ. ನನಗೆ ಬೈದದ್ದು, ನನ್ನನ್ನು ಕರೆದದ್ದು, ಎಲ್ಲ.

ನವೆಂಬರ್ 8, ಶನಿವಾರ

ಮಣಿಪಾಲದ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಪಕ್ಕದ ಮನೆಯವರು ಇವರ ಜೊತೆ ಕೂತಿದ್ದರು.

ಅಂಗಡಿಯ ರೋಶನ್ ಎಂಬವರು ಎರಡನ್ನು ಅಕ್ಕಪಕ್ಕ ಇಟ್ಟರು. ಒಂದು ಅಗ್ಗದ್ದು, ಬೂದು ಬಣ್ಣ, ಪ್ಲಾಸ್ಟಿಕ್ಕಿನ ಮೈ. "ನಿಮ್ಮದು ಬರೇ ಟೈಪಿಂಗ್ ಆದ್ರೆ ಇದು ಧಾರಾಳ ಸಾಕು. ಸುಮ್ಮನೆ ದುಡ್ಡು ಹಾಕ್ಬೇಡಿ." ಇನ್ನೊಂದು ಮಡಚುವಂಥದ್ದು, ಬೆಲೆ ದುಪ್ಪಟ್ಟು. ಅದರ ಪರದೆಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಬಾಗಿಸಿದರು. ಮುರಿಯಿತು ಎಂದೇ ಅಂದುಕೊಂಡೆ.

"ಹೆದರ್ಬೇಡಿ ಮೇಡಂ. ಇದರ ಹಿಂಜ್ ನನ್ನ ಸೊಂಟಕ್ಕಿಂತ ಗಟ್ಟಿ ಉಂಟು." ಗುಡಾರದ ಹಾಗೆ ಮೇಜಿನ ಮೇಲೆ ನಿಲ್ಲಿಸಿದರು. ಕೀಲಿಮಣೆ ಆಚೆ ಬದಿಗೆ ಹೋಯಿತು, ಈಚೆ ಬರೀ ಪರದೆ. "ಈ ಕಡೆ ನೀವು ಕೂತ್ರೆ ಆ ಕಡೆಯವರಿಗೆ ತೋರಿಸ್ಬಹುದು."

ಆ ಮಾತು ಬಸ್ಸಿನುದ್ದಕ್ಕೂ ತಲೆಯಲ್ಲಿತ್ತು.

ಮನೆಗೆ ಬಂದು ಹೇಳಿದಾಗ ಕರುಣಾಕರ ಸ್ವಲ್ಪ ಹೊತ್ತು ಯೋಚಿಸಿ, "ಅಗ್ಗದ್ದೇ ಸಾಕು, ನನಗೋಸ್ಕರ ಯಾಕೆ ಅಷ್ಟು" ಎಂದರು. ಅವರು ಯಾವಾಗಲೂ ಹಾಗೆಯೇ. ನಾನು ಜಗಳವಾಡಿದೆ. ಒಬ್ಬಳೇ ಎರಡೂ ಕಡೆಯಿಂದ ಜಗಳವಾಡುವುದು ಈಗ ಅಭ್ಯಾಸವಾಗಿದೆ.

ನವೆಂಬರ್ 9, ಭಾನುವಾರ

ಕಾರ್ಕಳದಿಂದ ಸುಗಂಧಿ ಅತ್ತಿಗೆಯ ಫೋನು. ಇವರ ಅಕ್ಕ. ತಾಯಿ ಬೇಗ ತೀರಿಕೊಂಡದ್ದರಿಂದ ಇವರನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವರು. ಪ್ರತಿ ವಾರದ ಮಾತೇ.

"ಆರು ತಿಂಗಳಾಯ್ತು ಪ್ರಭಾ. ನಿನ್ನ ಮಣಿಪಾಲಕ್ಕೆ ಅವನ ಬಾಯಿಂದ ಒಂದು ಮೀನು ಅಂತ ಹೇಳಿಸ್ಲಿಕ್ಕೆ ಆಗ್ಲಿಲ್ಲ. ಇಲ್ಲಿಗೆ ಕಳಿಸು. ನಾನು ಉಂಟು, ಅಂಗಳ ಉಂಟು, ಬರುವವರು ಹೋಗುವವರು ಉಂಟು. ನಿನ್ನ ಹತ್ರ ಅವನು ಗೋಡೆ ನೋಡುದು."

"ಅವರು ಇಲ್ಲಿ ಚೆನ್ನಾಗಿದ್ದಾರೆ ಅತ್ತಿಗೆ."

"ಅದು ನೀನು ಹೇಳುದು. ಅವನು ಎಂತ ಹೇಳ್ತಾನೆ?"

"ಅವರಿಗೆ ಬರಬೇಕು ಅಂತ ಇದ್ದರೆ ನಾನು ತಡೆಯುವುದಿಲ್ಲ. ಅವರೇ ಹೇಳಲಿ."

"ಒಳ್ಳೆ ಮಾತು ಮಾರಾಯ್ತಿ. ಮಾತು ಬಾರದವನು ಹೇಳ್ಬೇಕು, ಮತ್ತೆ ನೀನು ಕೇಳ್ಬೇಕು!"

ಕೋಪ ಬಂತು. ಆದರೆ ಫೋನಿಟ್ಟ ಮೇಲೆ ಹೊಳೆಯಿತು. ಆ ಕೆಂಪು ಹಸಿರಿನ ಚೌಕ ಇದ್ದರೆ ಅವರೇ ಹೇಳಬಹುದು.

ಹೋದರೆ ತಿರುಗಿ ಬರುತ್ತಾರೆ ಎಂದು ಯಾಕೆ ನನಗೆ ಅನಿಸುವುದಿಲ್ಲ? ಅಕ್ಕನ ಮನೆಗೆ ಹೋಗುವುದು, ನಾಲ್ಕು ದಿನ ಇದ್ದು ಬರುವುದು ಲೋಕದಲ್ಲಿ ಇಲ್ಲದ್ದೇ? ಅನಿಸುವುದಿಲ್ಲ. ಬರೆಯುವಾಗಲೂ ಅನಿಸುವುದಿಲ್ಲ.

ನವೆಂಬರ್ 13, ಗುರುವಾರ

ಶಾರ್ಲೆಟ್ ತಮ್ಮಲ್ಲಿದ್ದ ಹಳೆಯ ಮಡಚುವ ಲ್ಯಾಪ್‌ಟಾಪನ್ನು ಕೆಲವು ದಿನಕ್ಕೆ ಕೊಟ್ಟಿದ್ದಾರೆ, ಖರೀದಿಸುವ ಮೊದಲು ನೋಡಿ ಎಂದು.

ಊಟದ ಮೇಜಿನ ಮೇಲೆ ಗುಡಾರ ನಿಲ್ಲಿಸಿದೆ. ಅವರು ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಎಡಗೈಯ ತೋರುಬೆರಳು ಹೋಗಿ ಲೋಟವನ್ನು ಮುಟ್ಟಿತು. "ನೀರು" ಎಂದಿತು ಯಂತ್ರ.

ಅವರು ಬೆಚ್ಚಿ ಕೈ ಹಿಂದಕ್ಕೆ ತೆಗೆದು ನನ್ನ ಮುಖ ನೋಡಿದರು. ನಾನು ನೀರು ತಂದೆ. ಕುಡಿದರು. ನಾನು ಅಡುಗೆಮನೆಗೆ ಹೋಗಿ ಸಿಂಕಿನ ಹತ್ತಿರ ನಿಂತು ಅತ್ತೆ. ಮತ್ತೆ ಬಂದು "ಇನ್ನೊಮ್ಮೆ" ಎಂದೆ, ಟೀಚರ್ ಹಾಗೆ.

ನವೆಂಬರ್ 15, ಶನಿವಾರ

ಒಂದು ವಿಷಯ ಗಮನಿಸುತ್ತಿದ್ದೇನೆ. ಅವರು ಹಸಿರನ್ನು ಒತ್ತುವುದೇ ಇಲ್ಲ.

ಚಹಾ ಕೊಡಲೇ ಎಂದರೆ ಕೆಂಪು. "ಬೇಡ" ಎನ್ನುತ್ತದೆ ಯಂತ್ರ. ಲೋಟ ಒಳಗೆ ಇಡುತ್ತೇನೆ. ಹೊರಗೆ ಕೂರೋಣವೇ, ಕೆಂಪು. ಟಿವಿ, ಕೆಂಪು. ಮಧ್ಯಾಹ್ನ ಒಂದು ತುತ್ತು ಜಾಸ್ತಿ ಹಾಕಲೇ ಎಂದರೂ ಕೆಂಪು. ಮಾತ್ರೆಯನ್ನು ಮಾತ್ರ ಕೈಯಿಂದ ತಳ್ಳುತ್ತಾರೆ, ಚೌಕಕ್ಕೆ ಹೋಗುವುದಿಲ್ಲ.

"ನನಗೆ ಏನೂ ಬೇಡ, ನೀನು ಓಡಾಡಬೇಡ, ಕೂತುಕೋ" ಎನ್ನುತ್ತಿದ್ದಾರೆ. ಎಷ್ಟು ಅವರ ಹಾಗಿದೆ ಅದು! ಅಂಗಡಿಯಲ್ಲಿ ಬೇರೆಯವರಿಗೆ ಚಹಾ ತರಿಸಿ ತಾನು ಕುಡಿಯದ ಮನುಷ್ಯ. ಆದರೆ ಇಷ್ಟೊಂದು ಬೇಡ ಒಳ್ಳೆಯದಲ್ಲ. ಸೊರಗುತ್ತಿದ್ದಾರೆ. ಬದುಕೇ ಬೇಡವಾಗಿದೆಯೋ ಎಂದು ಹೆದರಿಕೆ. ಶಾರ್ಲೆಟ್ ಅವರನ್ನು ಕೇಳಬೇಕು.

ನವೆಂಬರ್ 16, ಭಾನುವಾರ

ಕೇಳಿಬಿಟ್ಟೆ.

ಪ್ರೋಗ್ರಾಮಿಗೆ ನಮ್ಮದೇ ಫೋಟೋ ಹಾಕಬಹುದು. ಅತ್ತಿಗೆಯ ಮನೆಯ ಫೋಟೋ ಹಾಕಿದೆ, ಅಂಗಳದಲ್ಲಿ ಅತ್ತಿಗೆ ನಿಂತಿರುವುದು. ಪರದೆಯ ಎಡಕ್ಕೆ ಬರುವ ಹಾಗೆ ಹಾಕಿದೆ, ಚೆನ್ನಾಗಿ ಕಾಣಲಿ ಎಂದು. ಮೋಸ ಮಾಡಲಿಲ್ಲ ಎಂದು ನನಗೇ ಹೇಳಿಕೊಳ್ಳಲು ಬರೆಯುತ್ತಿದ್ದೇನೆ. "ಕಾರ್ಕಳಕ್ಕೆ ಅಕ್ಕನ ಮನೆಗೆ ಹೋಗಿ ಇರಬೇಕು ಅಂತ ಇದೆಯಾ?"

ಫೋಟೋವನ್ನು ಹತ್ತಿರದಿಂದ ನೋಡಿದರು. ಕೆಂಪು ಒತ್ತಿದರು. ನಾನು ಮತ್ತೆ ಕೇಳುವ ಮೊದಲೇ ಮತ್ತೆ ಒತ್ತಿದರು. ಬೇಡ. ಬೇಡ. ಬೇಡ. ಬೆರಳು ಬಿಳಿಯಾಗುವಷ್ಟು ಒತ್ತಿ ನನ್ನನ್ನೇ ನೋಡುತ್ತಿದ್ದರು.

"ಆಯಿತು, ಆಯಿತು. ನಾನು ಕಳಿಸುವುದಿಲ್ಲ" ಎಂದು ಅವರ ಕೈ ಹಿಡಿದುಕೊಂಡೆ. ಕೈ ಬಿಡಿಸಿಕೊಂಡರು. ದಣಿದಿರಬೇಕು.

ಅತ್ತಿಗೆಗೆ ಫೋನು ಮಾಡಿ ತಿಳಿಸಿದೆ. "ಅವರೇ ಹೇಳಿದರು, ಬೇಡವಂತೆ." ಅವರು "ಹಾಗಾದ್ರೆ ಆಯ್ತು" ಎಂದರು. ನನಗೆ ಗೆದ್ದ ಹಾಗೆ ಅನಿಸಿತು. ಅನಿಸಿದ್ದನ್ನು ಬರೆಯಬೇಕಲ್ಲ.

ನವೆಂಬರ್ 17, ಸೋಮವಾರ

ಮಡಚುವುದನ್ನೇ ತೆಗೆದುಕೊಳ್ಳುತ್ತೇನೆ ಎಂದು ರೋಶನ್ ಅವರಿಗೆ ಹೇಳಿ ಬಂದೆ. ಅಂಗಡಿಯಲ್ಲಿರುವುದು ತೋರಿಸಲಿಕ್ಕೆ ಇಟ್ಟದ್ದು, ಹೊಸತು ತರಿಸಬೇಕಂತೆ. "ಒಳ್ಳೆ ಚಾಯ್ಸ್ ಮೇಡಂ. ಯಜಮಾನ್ರಿಗೂ ಖುಷಿ ಆಗ್ತದೆ."

ಬೆಲೆ ಹೆಚ್ಚೆಂದು ಈಗ ಅನಿಸುತ್ತಿಲ್ಲ. ಅವರ ಬಾಯಿಗೆ ಬೆಲೆ ಕಟ್ಟಲು ಕೂತಿದ್ದೆನಲ್ಲ ಎಂದು ನಾಚಿಕೆ.

ನವೆಂಬರ್ 22, ಶನಿವಾರ

ಇದನ್ನು ಸರಿಯಾಗಿ, ಆದ ಹಾಗೆಯೇ ಬರೆಯಬೇಕು.

ಮಧ್ಯಾಹ್ನಕ್ಕೆ ಅತ್ತಿಗೆ ಹೇಳದೆ ಕೇಳದೆ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ, ಬಂಗುಡೆ ಮೀನಿನ ಹುಳಿ-ಖಾರದ ಪುಳಿಮುಂಚಿ. "ಇಲ್ಲಿಗೆ ಬರ್ಲಿಕ್ಕೆ ನನಗೆ ಯಂತ್ರದ ಪರ್ಮಿಶನ್ ಬೇಡ ಅಲ್ವಾ?" ಎಂದು ಒಳಗೆ ಬಂದು ತಮ್ಮನ ತಲೆ ಸವರಿದರು. ನಾನು ಅನ್ನ ಹಾಕಿ, ಮೀನು ಬಡಿಸಿ, ಪದ್ಧತಿಯಂತೆ ಪರದೆಯನ್ನು ಕರುಣಾಕರರ ಮುಂದೆ ಇಟ್ಟೆ. ಅವರು ಮೀನನ್ನು ನೋಡಿದರು, ಕೆಂಪು ಒತ್ತಿದರು. ನಾನು ತಟ್ಟೆಯಿಂದ ಮೀನನ್ನು ತೆಗೆದೆ.

ಕರುಣಾಕರ ಮೇಜಿಗೆ ಗುದ್ದಿದರು. ನೀರಿನ ಲೋಟ ಉರುಳಿತು.

"ಎಂತ ಮಾಡುದು ನೀನು? ಅವನು ಕೇಳಿದ್ದನ್ನು ಯಾಕೆ ತೆಗೆದದ್ದು?"

"ಬೇಡ ಅಂದರಲ್ಲ ಅತ್ತಿಗೆ."

"ಎಲ್ಲಿ ಬೇಡ ಅಂದ?"

"ಕೆಂಪು ಒತ್ತಿದರಲ್ಲ. ಕೇಳಿಸಲಿಲ್ಲವಾ?" ನಾನೇ ಒತ್ತಿ ತೋರಿಸಿದೆ. "ಬೇಡ" ಎಂದಿತು.

ಅತ್ತಿಗೆ ನಗಲು ಹೊರಟವರು ಅರ್ಧಕ್ಕೆ ನಿಲ್ಲಿಸಿದರು. "ಅದು ಬೇಡ ಹೇಳಿದ್ದಾ? ನನಗೆ ಬೋಡು ಅಂತ ಕೇಳಿತು."

ತುಳುವಿನಲ್ಲಿ ಬೋಡು ಎಂದರೆ ಬೇಕು. ಈ ಊರಿನಲ್ಲಿ ಬೀದಿಯ ಮಗುವಿಗೂ ಗೊತ್ತು. ನನಗೂ ಗೊತ್ತು.

ಅತ್ತಿಗೆ ಅವರ ಮುಂದೆ ಕೂತು ತುಳುವಿನಲ್ಲಿ ಕೇಳಿದರು, "ಮೀನ್ ಬೋಡಾ ಮಗಾ?" ಅವರ ಬೆರಳು ಮತ್ತೆ ಕೆಂಪಿನ ಕಡೆಗೆ ಹೊರಟು ಅಲ್ಲಿಗೆ ಮುಟ್ಟುವ ಮೊದಲೇ ನಿಂತಿತು. ಬಾಯಿ ತೆರೆಯಿತು. "ಬೋ..." ಗಂಟಲಿನ ನರ ಉಬ್ಬಿತು. "ಬೋಡು."

ಪೂರ್ತಿ ಪದ. ಮೇ ತಿಂಗಳ ನಂತರ ಮೊದಲನೆಯದು.

ಅತ್ತಿಗೆ ಮುಳ್ಳು ಬಿಡಿಸಿ ತಿನ್ನಿಸಿದರು. ಇಬ್ಬರೂ ಅಳುತ್ತಿದ್ದರು, ತಿನ್ನುತ್ತಲೂ ಇದ್ದರು. ನಾನು ಚೆಲ್ಲಿದ ನೀರು ಒರೆಸಿದೆ. ಕಾರ್ಕಳದ ಮಾತನ್ನು ಅತ್ತಿಗೆ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಹೋಗುವಾಗ ಡಬ್ಬಿ ತೊಳೆದುಕೊಂಡು, "ಬರ್ತೇನೆ ಪ್ರಭಾ" ಎಂದರು, ಅಷ್ಟೆ.

ನಾನು ಇಂಗ್ಲಿಷಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಹಿಡಿಯುವವಳು. ಹದಿನೆಂಟು ವರ್ಷ ಈ ಪದ ನನ್ನ ಸುತ್ತ ಓಡಾಡಿದೆ. ಕೇಳಿಸಲಿಲ್ಲವೋ, ಕೇಳಿಸುವುದು ನನಗೆ ಬೇಡವಾಗಿತ್ತೋ.

ನವೆಂಬರ್ 23, ಭಾನುವಾರ

ಬೆಳಿಗ್ಗೆ ಯಂತ್ರವನ್ನು ಮುಚ್ಚಿಟ್ಟೆ. ಅವರ ಎದುರು ಕೂತೆ. ಎಷ್ಟೋ ಸಲ ಬಾಯಲ್ಲಿ ಹೇಳಿ ನೋಡಿಕೊಂಡು ಕೇಳಿದೆ, "ಕಾರ್ಲ ಪೋವೊಡಾ?" ಕಾರ್ಕಳಕ್ಕೆ ಹೋಗಬೇಕಾ.

ನಾನು ಅವರೊಡನೆ ತುಳು ಆಡಿದ್ದು ಇದೇ ಮೊದಲು. ಕೋಣೆಗೆ ಬೇರೆ ಯಾರೋ ಬಂದ ಹಾಗೆ ತಲೆ ಎತ್ತಿ ನೋಡಿದರು.

"ಬೋಡು."

ನವೆಂಬರ್ 26, ಬುಧವಾರ

ಶಾರ್ಲೆಟ್ ಅವರಿಗೆ ಲ್ಯಾಪ್‌ಟಾಪ್ ಹಿಂದಿರುಗಿಸಿದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನೀವು ಮನೆಯಲ್ಲಿ ಕನ್ನಡ ಅಂದ್ರಿ ಅಲ್ವಾ. ನಾನು ಮತ್ತೆ ಕೇಳ್ಲಿಲ್ಲ. ನಮ್ಮ ಮನೆಯಲ್ಲಿ ಕೊಂಕಣಿ, ಹೊರಗೆ ತುಳು, ಇಲ್ಲಿ ಕನ್ನಡ. ನನಗಾದ್ರೂ ಕೇಳ್ಬೇಕು ಅಂತ ಹೊಳೀಬೇಕಿತ್ತು."

"ಸುಳ್ಳು ಹೇಳಲಿಲ್ಲ ನಾನು."

"ಸುಳ್ಳಲ್ಲ ಪ್ರಭಾ. ಕೆಲವರಿಗೆ ಚಿಕ್ಕಂದಿನ ಭಾಷೆ ಮೊದಲು ಬರ್ತದೆ. ಕಲಿತದ್ದು ಮತ್ತೆ."

"ಮತ್ತೆ ಅಂದರೆ ಯಾವಾಗ?"

"ಬರಬಹುದು. ಬಾರದೆಯೂ ಇರಬಹುದು."

ತುಳುವಿನ ದನಿ ರೆಕಾರ್ಡ್ ಮಾಡಿ ಹಾಕಿದರೆ ಆಗದೇ ಎಂದು ಕೇಳಿದೆ. ಆಗುತ್ತದಂತೆ. ಆದರೆ, "ಅಕ್ಕ ಎದುರಿಗೆ ಕೂತು ದಿನವಿಡೀ ಮಾತಾಡ್ತಾರೆ ಅಂದ್ರೆ ಪೆಟ್ಟಿಗೆ ಎಂತಕ್ಕೆ?" ಸರಿಯಾದ ಪ್ರಶ್ನೆ.

ನವೆಂಬರ್ 29, ಶನಿವಾರ

ಮಡಚುವುದು ಬಂದಿದೆ ಎಂದು ಅಂಗಡಿಯಿಂದ ಫೋನು ಬಂತು. ಹೋದೆ. ಪೆಟ್ಟಿಗೆ ಬಿಚ್ಚದೆ ಕೌಂಟರಿನ ಮೇಲೆ ಇಟ್ಟಿದ್ದರು.

"ಇದು ಬೇಡ. ಆ ಅಗ್ಗದ್ದು ಕೊಡಿ" ಎಂದೆ.

"ಅಯ್ಯೋ, ಎಂತಾಯ್ತು ಮೇಡಂ? ಬೆಲೆಯ ವಿಷಯ ಆದ್ರೆ ನಾವು ನೋಡುವ."

"ಬೆಲೆ ಅಲ್ಲ. ಬರೇ ಟೈಪಿಂಗ್‌ಗೆ."

ರೋಶನ್ ನನ್ನ ಮುಖ ನೋಡಿ ಮುಂದೆ ಕೇಳಲಿಲ್ಲ. ಮಡಚುವುದಕ್ಕೆ ಬೇರೆ ಗಿರಾಕಿ ಸಿಗುತ್ತಾರೆ ಎಂದರು, ಪುಣ್ಯವಂತರು.

ಬೂದು ಬಣ್ಣದ್ದು ಈಗ ಊಟದ ಮೇಜಿನ ಮೇಲೆ ಇದೆ. ಒಂದು ಮಿತಿಯವರೆಗೆ ತೆರೆದುಕೊಳ್ಳುತ್ತದೆ, ಅಲ್ಲಿಂದ ಮುಂದೆ ಬಾಗುವುದಿಲ್ಲ. ಒಬ್ಬರು ಕೂತು ನೋಡುವುದಕ್ಕೆ ಸರಿಯಾಗಿದೆ.

ನವೆಂಬರ್ 30, ಭಾನುವಾರ

ಇವರನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಅತ್ತಿಗೆ ಮುಂದಿನ ಸೀಟಿನಿಂದ ತಿರುಗಿ ಇವರ ಜೊತೆ ಮಾತಾಡುತ್ತಲೇ ಇದ್ದರು. ಹಿರಿಯಡಕದ ಮೇಲೆ ಕಾರ್ಕಳಕ್ಕೆ ಹೋಗುವ ರಸ್ತೆ ನಮ್ಮ ಬಾಗಿಲಿಂದ ಕಾಣುತ್ತದೆ, ತಿರುವಿನ ತನಕ.

ಡಿಸೆಂಬರ್ 4

ಪ್ರಬಂಧದ ನಾಲ್ಕನೆಯ ಅಧ್ಯಾಯ ಮುಗಿಯಿತು.

ಡಿಸೆಂಬರ್ 9

ಅತ್ತಿಗೆಯ ಫೋನು. ಇವರು ನೀರ್ ಎಂದರಂತೆ. ಚಾ ಎಂದರಂತೆ. ನೆರೆಯವರ ನಾಯಿಗೆ ಬೈದರಂತೆ. ಎಂತ ಬೈದದ್ದು ಎಂದು ಕೇಳಿದೆ. "ಅದು ಫೋನಿನಲ್ಲಿ ಹೇಳುವಂಥದ್ದಲ್ಲ" ಎಂದು ನಕ್ಕರು. ನಾನೂ ನಕ್ಕೆ. ಫೋನು ಅವರ ಕಿವಿಗೆ ಹಿಡಿದರು. ನಾನು ಮಾತಾಡಿದೆ. ಉಸಿರು ಕೇಳಿಸಿತು.

ಮಾಡಿದ ಸಾರು ಉಳಿಯುತ್ತಿದೆ. ಕಡಿಮೆ ಮಾಡಲು ಕೈಗೆ ಬರುತ್ತಿಲ್ಲ.

ಡಿಸೆಂಬರ್ 14, ಭಾನುವಾರ

ಇವತ್ತು ಕಾರ್ಕಳಕ್ಕೆ ಹೋಗಿದ್ದೆ. ಮನೆಯ ಮುಂದೆಯೇ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ತುಳುವಿನ ಒಂದೊಂದೇ ಪದವನ್ನು ಬಾಯೊಳಗೆ ಹೊರಳಿಸಿಕೊಂಡೆ. ಎಂಚ ಉಲ್ಲರ್, ಹೇಗಿದ್ದೀರಿ. ಒಣಸ್ ಆಂಡಾ, ಊಟವಾಯಿತಾ. ಪಕ್ಕದಲ್ಲಿದ್ದ ಮೀನಿನ ಬುಟ್ಟಿಯ ಹೆಂಗಸು ನನಗೆ ಜ್ವರವೋ ಎಂಬಂತೆ ನೋಡಿದಳು.

ಅಂಗಳಕ್ಕೆ ಕಾಲಿಡುವಾಗ ಅವರು ಜಗಲಿಯ ಕುರ್ಚಿಯಲ್ಲಿದ್ದರು. ಬಿಳಿ ಅಂಗಿ, ತಲೆ ಬಾಚಿತ್ತು, ಕೆನ್ನೆ ಸ್ವಲ್ಪ ತುಂಬಿತ್ತು. ಅಕ್ಕಿ ಆರಿಸುತ್ತಿದ್ದ ಅತ್ತಿಗೆ, "ಯಾರು ಬಂದದ್ದು ನೋಡು!" ಎಂದು ತುಳುವಿನಲ್ಲಿ ಕೂಗಿದರು.

ಅವರು ನನ್ನನ್ನು ನೋಡಿದರು. ಮುಖ ಅರಳಿತು. ಅದನ್ನು ನಾನು ಊಹಿಸಿದ್ದಲ್ಲ, ಅರಳಿತು. ಎಡಗೈ ಎತ್ತಿದರು. ತುಟಿ ಕೂಡಿಸಿ, ಬಿಡಿಸಿ, ನಿಧಾನವಾಗಿ ಹೇಳಿದರು:

"ಬಲೆ. ಕುಲ್ಲುಲೆ."

ಎರಡು ಪದ, ಒಂದೂ ಮುರಿಯದೆ. ಅತ್ತಿಗೆಯ ಮಡಿಲಿಂದ ಅಕ್ಕಿಯ ಮೊರ ಜಾರಿತು. "ಕೇಳಿದ್ಯಾ? ಕೇಳಿದ್ಯಾ ಪ್ರಭಾ? ನಿನ್ನ ಹತ್ರ ಮಾತಾಡಿದ!"

ಕೇಳಿದೆ. ಬನ್ನಿ, ಕುಳಿತುಕೊಳ್ಳಿ. ಮನೆಯವರಾದರೆ "ಬಲ" ಎನ್ನುತ್ತಾರೆ, ಬಾ ಎಂದು. ಬಲೆ ಎನ್ನುವುದು ಹೊರಗಿನಿಂದ ಬಂದವರಿಗೆ, ಮರ್ಯಾದೆ ಕೊಡಬೇಕಾದವರಿಗೆ. ಕನ್ನಡದಲ್ಲಿ ನನಗೆ ಅವರು ಒಂದು ಸಲವೂ ಬನ್ನಿ ಎಂದವರಲ್ಲ. ತುಳುವಿನಲ್ಲಿ ನನ್ನನ್ನು ಕರೆದೇ ಗೊತ್ತಿಲ್ಲ ಅವರಿಗೆ. ಯಾವ ಪದದಿಂದ ಕರೆಯಬೇಕು?

ಬಾಯಿಪಾಠದ ಮಾತು ಮೊದಲು ಬರುವುದು ಸಹಜ ಎಂದು ಶಾರ್ಲೆಟ್ ಹೇಳಿಯಾರು. ಇರಬಹುದು.

ಅತ್ತಿಗೆ ಚಹಾ ಇಡಲು ಒಳಗೆ ಓಡಿದರು. ಕರುಣಾಕರ ಇನ್ನೂ ಕೈ ಚಾಚಿಕೊಂಡೇ ಇದ್ದರು, ಎದುರಿನ ಕುರ್ಚಿಯ ಕಡೆಗೆ, ಬಂದವರನ್ನು ಕೂರಿಸುವ ಕುರ್ಚಿ. ನಾನು ಚಪ್ಪಲಿ ಕಳಚಿ, ಮೆಟ್ಟಿಲು ಹತ್ತಿ, ಅದರಲ್ಲಿ ಕೂತೆ.